ಮಂಗ ಬಿದ್ದ ಜಾಗ: ಕ್ಯಾಸನೂರು ಕಾಡಿನ ಕಾಯಿಲೆಯ ಶೋಧ



ವೈರಸ್ ರೋಗಗಳ ಬಗ್ಗೆ ಬರೆದ ಯಾವ ದೇಶದ ದೊಡ್ಡ ವೈದ್ಯಗ್ರಂಥವನ್ನು ಬೇಕಾದರೂ ತೆಗೆದು ನೋಡಿ. ಅದರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಸಿಗುತ್ತದೆ. ಆ ಹಳ್ಳಿ ಕ್ಯಾಸನೂರು. ಹಂಪಿ, ಬೇಲೂರು, ಜೋಗಗಳ ಹೆಸರನ್ನೇ ಕೇಳದ ಪರದೇಶದ ವಿದ್ವಾಂಸರೂ ಈ ಹೆಸರನ್ನು ಬಲ್ಲರು. ಇಂಥ ಕೀರ್ತಿ ತಮ್ಮೂರಿಗೆ ಬೇಡವಾಗಿತ್ತು ಎಂದು ಅಲ್ಲಿಯವರಿಗೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ. ಲೋಕಕ್ಕೆ ಗೊತ್ತಿರುವುದು 'ಕ್ಯಾಸನೂರು ಕಾಡಿನ ಕಾಯಿಲೆ'. ಮಲೆನಾಡಿನ ಜನ ಅಷ್ಟುದ್ದ ಹೇಳುವುದಿಲ್ಲ. ಅವರಿಗೆ ಅದು ಮಂಗನ ಕಾಯಿಲೆ.

ಮಲೆನಾಡಿನ ಈ ಕಥೆ ಗಡಿಯ ಈಚೆಗೆ ಕೂತ ನಮಗೇಕೆ ಎಂದು ತಾವು ಕೇಳಬಹುದು. ವಯನಾಡಿನಲ್ಲಿ ಇದೇ ಕಾಯಿಲೆಗೆ ಕುರಂಗುಪನಿ ಎನ್ನುತ್ತಾರೆ, ತಮಿಳಿನಲ್ಲಿ ಕುರಂಗು ಕಾಯ್ಚಲ್ ಎನ್ನುತ್ತಾರೆ, ಸಿಂಧುದುರ್ಗದ ಕಡೆ ಮಾಕಡ ತಾಪ. ನಾಲ್ಕು ಭಾಷೆಯಲ್ಲೂ ಮಂಗನ ಹೆಸರೇ ಮುಂದು. ಐವತ್ತೈದು ವರ್ಷ ಕರ್ನಾಟಕದ ಒಳಗೇ ಇದ್ದ ಕಾಯಿಲೆ 2012ರ ಈಚೆಗೆ ಗಡಿ ದಾಟಿತು. ದಾಟಿದ ಜಾಗಗಳೆಲ್ಲ ಕನ್ನಡ ಮಾತು ಕೇಳಿಬರುವ ಕಾಡಂಚುಗಳೇ. ಹಾಗಾಗಿ ಈ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

1957ರ ಮಾರ್ಚ್ ತಿಂಗಳು. ಆಗಿನ ಮೈಸೂರು ರಾಜ್ಯದ ಆರೋಗ್ಯ ಇಲಾಖೆಗೆ ಸಾಗರ, ಸೊರಬ ತಾಲ್ಲೂಕುಗಳಿಂದ ಎರಡು ಸುದ್ದಿ ಒಟ್ಟಿಗೆ ಬಂದವು. ಕಾಡಂಚಿನ ಹಳ್ಳಿಗಳಲ್ಲಿ ಜನ ಒಂದು ಬಗೆಯ ಕೆಟ್ಟ ಜ್ವರದಿಂದ ಮಲಗುತ್ತಿದ್ದಾರೆ, ಕೆಲವರು ಸಾಯುತ್ತಿದ್ದಾರೆ ಎಂಬುದು ಒಂದು. ಅದೇ ಕಾಡುಗಳಲ್ಲಿ ಮಂಗಗಳು ಮರದಿಂದ ಬಿದ್ದು ಸಾಯುತ್ತಿವೆ ಎಂಬುದು ಇನ್ನೊಂದು. ಜನರು ಈ ಎರಡನ್ನೂ ಕೂಡಿಸಿಯೇ ಹೇಳಿದ್ದರು. ಸೂಕ್ಷ್ಮದರ್ಶಕ ಬರುವ ಮೊದಲೇ ಕಾಯಿಲೆಗೆ ಹೆಸರಿಟ್ಟವರು ಅವರು. ವಿಜ್ಞಾನದ ಚರಿತ್ರೆ ಬರೆಯುವವರು ಈ ಮೊದಲ ಹೆಜ್ಜೆಯನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಮಂಗ ಸಾಯುವುದಕ್ಕೂ ಮನೆಯಲ್ಲಿ ಜ್ವರ ಬರುವುದಕ್ಕೂ ಸಂಬಂಧವಿದೆ ಎಂದು ಕಂಡುಕೊಳ್ಳುವುದು ಸಣ್ಣ ಮಾತಲ್ಲ. ಸೌದೆಗೆ, ಸೊಪ್ಪಿಗೆ, ದನದ ಹಿಂದೆ ದಿನಾ ಕಾಡಿಗೆ ಹೋಗಿಬರುವ ಕಣ್ಣಿಗೆ ಮಾತ್ರ ಅದು ಕಾಣುವಂಥದ್ದು.

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ತೆರೆದ ಸಂಸ್ಥೆ ಅದು. ಮುಂದೆ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದಾಯಿತು. ಆಗ ಅದರ ನಿರ್ದೇಶಕರು ಟೆಲ್ಫರ್ಡ್ ವರ್ಕ್ ಎಂಬ ಅಮೆರಿಕದ ವೈದ್ಯರು. ಮಂಗಗಳು ಸಾಯುತ್ತಿವೆ, ಜನರಿಗೆ ರಕ್ತಸ್ರಾವದ ಜ್ವರ ಬರುತ್ತಿದೆ ಎಂದೊಡನೆ ಅಲ್ಲಿದ್ದವರ ಎದೆ ಝಲ್ಲೆಂದಿತು. ಕಾರಣ, ಇವೆರಡೂ ಜೊತೆಯಾಗಿ ಕಾಣುವ ಒಂದು ಕಾಯಿಲೆ ಆಗಲೇ ಲೋಕಪ್ರಸಿದ್ಧವಾಗಿತ್ತು. ಅದು ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವ ಮುನ್ಸೂಚನೆಯೇ ಮಂಗಗಳ ಸಾವು.

ಹಳದಿ ಜ್ವರ ಭಾರತಕ್ಕೆ ಬಂದರೆ ಏನಾದೀತು ಎಂಬ ಭಯ ಆ ಕಾಲದಲ್ಲಿ ಎಷ್ಟಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಆಫ್ರಿಕ, ಅಮೆರಿಕಗಳಲ್ಲಿ ಲಕ್ಷಾಂತರ ಜನರನ್ನು ಕೊಂದ ಆ ರೋಗ ಏಷ್ಯಾದಲ್ಲಿ ಎಂದೂ ನೆಲೆಯೂರಿರಲಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ನಮ್ಮ ಊರೂರಿನ ನೀರ ತೊಟ್ಟಿಯಲ್ಲೂ ಇತ್ತು, ಈಗಲೂ ಇದೆ. ಡೆಂಗ್ಯೂ ಹರಡುವುದೂ ಅದೇ ಸೊಳ್ಳೆ. ರೋಗ ಕಾಣದ ಕೋಟಿಗಟ್ಟಲೆ ಜನರ ನಾಡಿನಲ್ಲಿ ಒಂದು ಕಿಡಿ ಬಿದ್ದರೆ ಸಾಕಿತ್ತು. ಅದಕ್ಕೇ ಬಂದರು, ವಿಮಾನ ನಿಲ್ದಾಣಗಳಲ್ಲಿ ಆಫ್ರಿಕದಿಂದ ಬಂದವರ ಲಸಿಕೆ ಪತ್ರ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಹಳದಿ ಜ್ವರಕ್ಕೆ ಲಸಿಕೆ ಕಂಡುಹಿಡಿದವರೂ ರಾಕ್‌ಫೆಲ್ಲರ್ ಪ್ರತಿಷ್ಠಾನದವರೇ. ಮ್ಯಾಕ್ಸ್ ಥೈಲರ್ ಅವರಿಗೆ ಅದಕ್ಕಾಗಿ 1951ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತ್ತು. ಹೀಗಾಗಿ ಶಿವಮೊಗ್ಗಕ್ಕೆ ಧಾವಿಸಿದ ತಂಡಕ್ಕೆ ತಾನು ಏನನ್ನು ಹುಡುಕುತ್ತಿದ್ದೇನೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಸಿಕ್ಕಿದ್ದು ಮಾತ್ರ ಬೇರೆ.

ರೋಗಿಗಳ ರಕ್ತ, ಸತ್ತ ಮಂಗಗಳ ಅಂಗಾಂಶ ಪುಣೆಗೆ ಹೋದವು. ಎಳೆಯ ಇಲಿಮರಿಗಳಿಗೆ ಚುಚ್ಚಿ ನೋಡಿದರು, ಮರಿಗಳು ಸತ್ತವು. ಮನುಷ್ಯನಲ್ಲೂ ಮಂಗನಲ್ಲೂ ಇದ್ದದ್ದು ಒಂದೇ ವೈರಸ್ ಎಂದು ತಿಳಿಯಿತು. ಕ್ಯಾಸನೂರಿನ ಕಾಡಿನಲ್ಲಿ ಸಿಕ್ಕ ಮುಸಿಯದಿಂದ ಬಂದ ವೈರಸ್‌ಗೆ ಆ ಕಾಡಿನ ಹೆಸರೇ ಉಳಿಯಿತು. ಅದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ಪ್ರತಿಕಾಯ ಪರೀಕ್ಷೆಗಳಲ್ಲಿ ಅದು ಹೊಂದಿಕೊಂಡದ್ದು ಯಾರೂ ನಿರೀಕ್ಷಿಸದ ಒಂದು ಗುಂಪಿಗೆ. ರಷ್ಯಾದ ಸೈಬೀರಿಯಾ ಕಡೆಯ ಶೀತ ಕಾಡುಗಳ ಮಿದುಳು ಜ್ವರ ಮತ್ತು ಓಮ್ಸ್ಕ್ ರಕ್ತಸ್ರಾವ ಜ್ವರಗಳ ವೈರಸ್‌ಗಳಿಗೆ ಇದು ದಾಯಾದಿಯಾಗಿತ್ತು. ಹಿಮ ಬೀಳುವ ನಾಡಿನ ಕಾಯಿಲೆಗೂ ಅಡಿಕೆ ಬೆಳೆಯುವ ನಾಡಿನ ಕಾಯಿಲೆಗೂ ಎತ್ತಣ ಸಂಬಂಧ!

ಒಂದು ಸುಳಿವು ಮಾತ್ರ ಇದರಿಂದ ದೊರೆಯಿತು. ರಷ್ಯಾದ ಆ ಜ್ವರವನ್ನು 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ದೂರಪೂರ್ವದ ಕಾಡಿಗೆ ಹೋಗಿ ಶೋಧಿಸಿತ್ತು. ಪಾಪ, ಅಷ್ಟು ಮಾಡಿ ಹಿಂದಿರುಗಿದ ಜಿಲ್ಬರ್‌ರನ್ನು ಸ್ಟಾಲಿನ್ ಆಡಳಿತ ಅದೇ ವರ್ಷ ಸೆರೆಗೆ ಹಾಕಿತು. ಅದು ಬೇರೆಯೇ ಕಥೆ. ಆ ಜ್ವರ ಸೊಳ್ಳೆಯಿಂದ ಬರುವುದಲ್ಲ, ಉಣ್ಣೆಯಿಂದ ಬರುವುದು ಎಂದು ರಷ್ಯನ್ನರು ತೋರಿಸಿಕೊಟ್ಟಿದ್ದರು. ಹಾಗಾದರೆ ಸೊರಬದ ಕಾಡಿನಲ್ಲಿಯೂ ಉಣ್ಣೆಯನ್ನೇ ಹುಡುಕಬೇಕು.

ಉಣ್ಣೆ ಎಂದರೆ ದನದ ಕಿವಿಯಲ್ಲಿ, ನಾಯಿಯ ಕೊರಳಲ್ಲಿ ಕಚ್ಚಿ ಕೂರುವ ಅದೇ ಹುಳು. ಮಲೆನಾಡಿನವರು ಉಣುಗು ಎನ್ನುತ್ತಾರೆ. ಅದನ್ನು ಕಾಡಿನಲ್ಲಿ ಹಿಡಿಯುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಒಂದು ಬಟ್ಟೆಯ ತುಂಡನ್ನು ತರಗೆಲೆಯ ಮೇಲೆ ನಿಧಾನವಾಗಿ ಎಳೆದುಕೊಂಡು ಹೋದರೆ ಆಯಿತು. ಹಾದುಹೋಗುವ ಪ್ರಾಣಿ ಎಂದುಕೊಂಡು ಉಣುಗುಗಳು ಹತ್ತಿಕೊಳ್ಳುತ್ತವೆ. ಆಮೇಲೆ ಚಿಮುಟದಿಂದ ಒಂದೊಂದನ್ನೇ ತೆಗೆದು ಸೀಸೆಗೆ ಹಾಕುವುದು, ಜಾತಿ ವಿಂಗಡಿಸುವುದು, ಅರೆದು ಇಲಿಮರಿಗೆ ಚುಚ್ಚುವುದು. ಕೇಳುವುದಕ್ಕೆ ಸುಲಭ. ಎಳ್ಳುಕಾಳಿಗಿಂತ ಚಿಕ್ಕದಾದ ಮರಿಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ, ಪ್ರತಿಯೊಂದೂ ಪ್ರಾಣ ತೆಗೆಯಬಲ್ಲದು ಎಂದು ತಿಳಿದೂ ಹೆಕ್ಕುವುದು ಎಂಥ ಕೆಲಸ ಎಂಬುದನ್ನು ತಾವೇ ಯೋಚಿಸಿ.

ಈ ಕೆಲಸದ ಮುಂದಾಳಾಗಿದ್ದವರು ಹೆರಾಲ್ಡ್ ಟ್ರಾಪಿಡೋ. ಪನಾಮಾದಲ್ಲಿ ಮಲೇರಿಯಾ ಸೊಳ್ಳೆಗಳ ಬಗ್ಗೆ ದುಡಿದು ಬಂದಿದ್ದ ಜೀವಶಾಸ್ತ್ರಜ್ಞರು. ಅವರ ಜೊತೆ ಪಿ.ಕೆ. ರಾಜಗೋಪಾಲನ್, ಎಂ.ಜಿ.ಆರ್. ವರ್ಮ ಮುಂತಾದ ಭಾರತೀಯ ಕೀಟಶಾಸ್ತ್ರಜ್ಞರಿದ್ದರು. ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರ ತೆರೆಯಲಾಯಿತು. ರಾಜಗೋಪಾಲನ್ ವರ್ಷಗಟ್ಟಲೆ ಆ ಕಾಡುಗಳಲ್ಲೇ ತಿರುಗಿದರು. ಮುಂದೆ ಅವರು ಪಾಂಡಿಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಹೆಸರು ಮಾಡಿದರು. 1959ರ ಹೊತ್ತಿಗೆ ಹಿಮಫೈಸಾಲಿಸ್ ಎಂಬ ಕುಲದ ಉಣುಗುಗಳಲ್ಲಿ ವೈರಸ್ ಇರುವುದು ಖಚಿತವಾಗಿ ವರದಿಯಾಯಿತು. ಅವುಗಳಲ್ಲಿ ಮುಖ್ಯ ಅಪರಾಧಿ ಹಿಮಫೈಸಾಲಿಸ್ ಸ್ಪಿನಿಜೆರಾ.

ಈ ಉಣುಗಿನ ಬಾಳನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ತಿಳಿದರೆ ಕಾಯಿಲೆಯ ಅರ್ಧ ಗುಟ್ಟು ತಿಳಿದಂತೆ. ಮೊಟ್ಟೆಯಿಂದ ಹೊರಬರುವ ಮರಿಗೆ ಆರು ಕಾಲು. ಅದು ಯಾವುದೋ ಇಲಿಯ ಮೇಲೋ ನೆಲದಲ್ಲಿ ಓಡಾಡುವ ಹಕ್ಕಿಯ ಮೇಲೋ ಹತ್ತಿ ರಕ್ತ ಹೀರಿ ಕೆಳಗೆ ಬೀಳುತ್ತದೆ, ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಅದು ಮತ್ತೊಂದು ಪ್ರಾಣಿಯನ್ನು ಹತ್ತಬೇಕು. ಮತ್ತೆ ಕೆಳಗೆ ಬಿದ್ದು ಬಲಿತ ಉಣುಗಾಗಿ ಮೂರನೆಯ ಪ್ರಾಣಿಯನ್ನು ಹುಡುಕಬೇಕು. ಆ ಮೂರನೆಯದು ಹೆಚ್ಚಾಗಿ ದನ. ಹೀಗೆ ಒಂದು ಬಾಳಿಗೆ ಮೂರು ಊಟ, ಮೂರು ಅತಿಥೇಯರು. ಮೊದಲನೆಯ ಊಟದಲ್ಲಿ ಹೊಟ್ಟೆ ಸೇರಿದ ವೈರಸ್ ಪೊರೆ ಕಳಚಿದರೂ ಹೋಗುವುದಿಲ್ಲ, ಮುಂದಿನ ಊಟದವರೆಗೆ ಕಾದಿರುತ್ತದೆ. ಮಳೆಗಾಲ ಮುಗಿದ ಮೇಲೆ ಮರಿಗಳ ಕಾಲ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಳೆಯ ಉಣುಗುಗಳ ಕಾಲ. ಮನುಷ್ಯನಿಗೆ ಕಾಯಿಲೆ ತಗಲುವುದು ಹೆಚ್ಚಾಗಿ ಈ ಎಳೆಯವುಗಳಿಂದ. ಅದೇ ತಿಂಗಳುಗಳಲ್ಲಿ ಮಲೆನಾಡಿನವರು ಕೊಟ್ಟಿಗೆಗೆ ತರಗೆಲೆ ಒಟ್ಟಲು, ಮಳೆಗಾಲದ ಸೌದೆ ಕೂಡಿಡಲು ಕಾಡಿಗೆ ಹೋಗುತ್ತಾರೆ. ಉಣುಗಿನ ಪಂಚಾಂಗವೂ ರೈತನ ಪಂಚಾಂಗವೂ ಹೀಗೆ ಒಂದಕ್ಕೊಂದು ಕೂಡಿಬಿಟ್ಟಿವೆ.

ಮಂಗನ ಪಾತ್ರ ಇಲ್ಲಿ ಬರುತ್ತದೆ. ಕರಿಮೂತಿಯ ಮುಸಿಯವೂ ಕೆಂಪು ಮೂತಿಯ ಕೋತಿಯೂ ನೆಲಕ್ಕೆ ಇಳಿದಾಗ ಉಣುಗು ಹತ್ತಿಸಿಕೊಳ್ಳುತ್ತವೆ. ವೈರಸ್ ತಗಲಿದ ಮಂಗದ ರಕ್ತದಲ್ಲಿ ಅದು ಅಪಾರವಾಗಿ ವೃದ್ಧಿಯಾಗುತ್ತದೆ. ಮಂಗ ಸತ್ತು ಬಿದ್ದು ಮೈ ತಣ್ಣಗಾದ ಮೇಲೆ ಅದರ ಮೈಮೇಲಿದ್ದ ನೂರಾರು ಉಣುಗುಗಳು ಇಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಆ ಮಂಗ ಬಿದ್ದ ಜಾಗವೇ ಮುಂದಿನ ಜ್ವರದ ಗೂಡು. ನೆಲದಲ್ಲಿ ಬಿದ್ದ ಹೆಣವನ್ನು ಯಾರೂ ಮುಟ್ಟದಿದ್ದರೂ ಅಲ್ಲಿ ಹಾದುಹೋದವರಿಗೆ ಕಾಯಿಲೆ ತಗಲಬಹುದು. 1957ರಿಂದ 1964ರವರೆಗೆ ಶಿವಮೊಗ್ಗ ಜಿಲ್ಲೆಯೊಂದರಲ್ಲೇ ಸಾವಿರಕ್ಕೂ ಹೆಚ್ಚು ಮಂಗಗಳ ಹೆಣ ಲೆಕ್ಕಕ್ಕೆ ಸಿಕ್ಕವು, ಬಹುಪಾಲು ಮುಸಿಯಗಳವು. ಅಂದಮೇಲೆ ಕಾಯಿಲೆಗೆ ಮಂಗನ ಹೆಸರಿಟ್ಟದ್ದು ಮಂಗಕ್ಕೆ ಅನ್ಯಾಯವೇ ಸರಿ. ಅದು ನಮ್ಮಂತೆ ಪೆಟ್ಟು ತಿಂದದ್ದು. ನಮಗಿಂತ ಮೊದಲು ಸತ್ತು ಸುದ್ದಿ ತಿಳಿಸುವಂಥದ್ದು. ಇದನ್ನರಿಯದೆ ಕೆಲವು ಕಡೆ ಮಂಗಗಳನ್ನು ಓಡಿಸಿದರೆ ಕಾಯಿಲೆ ಹೋಗುತ್ತದೆಂದು ಭಾವಿಸಿದವರುಂಟು.

ಇನ್ನು ಮನುಷ್ಯನ ಪಾಡು. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜ್ವರ ಏರುತ್ತದೆ. ತಲೆನೋವು, ಸೊಂಟ ಕೈಕಾಲುಗಳಲ್ಲಿ ತಾಳಲಾಗದ ನೋವು, ಕೆಂಪೇರಿದ ಕಣ್ಣು, ವಾಂತಿ ಭೇದಿ. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ, ಮಲದಲ್ಲಿ ರಕ್ತ. ಒಂದೆರಡು ವಾರಕ್ಕೆ ಜ್ವರ ಬಿಟ್ಟು ಎದ್ದು ಕೂತವರಲ್ಲಿ ಕೆಲವರಿಗೆ ಮತ್ತೆ ಜ್ವರ ಮರಳುತ್ತದೆ, ಆಗ ಮಿದುಳಿಗೆ ತೊಂದರೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ ಎಂದು ಲೆಕ್ಕ. 1957ರಲ್ಲಿ 466 ಜನರಿಗೆ, ಮರುವರ್ಷ 181 ಜನರಿಗೆ ಕಾಯಿಲೆ ಬಂದದ್ದು ದಾಖಲಾಯಿತು. ವೈರಸ್ಸನ್ನೇ ಕೊಲ್ಲುವ ಔಷಧಿ ಅಂದೂ ಇರಲಿಲ್ಲ, ಇಂದೂ ಇಲ್ಲ. ನೀರು, ವಿಶ್ರಾಂತಿ, ರಕ್ತಸ್ರಾವಕ್ಕೆ ತಕ್ಕ ಶುಶ್ರೂಷೆ, ಅಷ್ಟೆ. ಒಂದು ಸಮಾಧಾನವೆಂದರೆ ಇದು ಒಬ್ಬರಿಂದೊಬ್ಬರಿಗೆ ಅಂಟುವ ಕಾಯಿಲೆಯಲ್ಲ. ರೋಗಿಯನ್ನು ಮನೆಯಿಂದ ದೂರವಿಡಬೇಕಾದ ಕಾರಣವಿಲ್ಲ.

ವೈರಸ್ ಸಿಕ್ಕಿತು, ಉಣುಗು ಸಿಕ್ಕಿತು. ಆದರೆ ರಷ್ಯಾದ ದಾಯಾದಿ ಶಿವಮೊಗ್ಗಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆ ಉಳಿದೇ ಇತ್ತು. ಆಗ ಎದ್ದ ಊಹೆ ಬಹಳ ಸುಂದರವಾದದ್ದು. ಚಳಿಗಾಲದಲ್ಲಿ ಸೈಬೀರಿಯಾ ಕಡೆಯಿಂದ ಲಕ್ಷಗಟ್ಟಲೆ ಹಕ್ಕಿಗಳು ನಮ್ಮ ಕೆರೆ ಗದ್ದೆಗಳಿಗೆ ವಲಸೆ ಬರುತ್ತವಲ್ಲ, ಅವುಗಳ ಮೈಮೇಲೆ ಕೂತು ಉಣ್ಣೆಗಳು ಬಂದಿರಬಾರದೇಕೆ? ಈ ಊಹೆಯನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಬೊಂಬಾಯಿಯ ನಿಸರ್ಗ ಚರಿತ್ರೆ ಸಂಘದ ಸಲೀಂ ಅಲಿ 1959ರಿಂದ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮ ಕೈಗೊಂಡರು. ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಇಂದು ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಹಾಗೆ ಸೊರಬದ ಜ್ವರದಿಂದ ಹುಟ್ಟಿದ್ದು! ಹಕ್ಕಿಗಳು ಕಾಯಿಲೆ ತಂದವೆಂಬುದಕ್ಕೆ ಮಾತ್ರ ಸಾಕ್ಷಿ ದೊರೆಯಲಿಲ್ಲ.

ಆ ಹಕ್ಕಿಯ ಕೆಲಸಕ್ಕೆ ಮುಂದೆ ಅಮೆರಿಕದ ಸೈನ್ಯದ ಒಂದು ವಿಭಾಗದ ನಂಟೂ ಇತ್ತೆಂಬ ವಿಷಯ ಹೊರಬಿದ್ದು, 1970ರ ದಶಕದಲ್ಲಿ ದೊಡ್ಡ ಗದ್ದಲವಾಯಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ವಿದೇಶಿ ನೆರವಿನ ಇಂಥ ಸಂಶೋಧನೆಗಳ ಮೇಲೆ ಕಟುವಾದ ವರದಿಯನ್ನೇ ಕೊಟ್ಟಿತು. ಮಂಗನ ಕಾಯಿಲೆಯನ್ನು ಪರದೇಶದವರೇ ಬಿತ್ತಿದರು ಎಂಬ ಮಾತು ಮಲೆನಾಡಿನ ಚಹಾದಂಗಡಿಗಳಲ್ಲಿ ಇಂದಿಗೂ ಕೇಳಿಬರುವುದುಂಟು. ಪರದೇಶದ ಸೈನ್ಯಕ್ಕೆ ನಮ್ಮ ಹಕ್ಕಿಗಳ ಮೇಲೆ ಆಸಕ್ತಿ ಏಕೆ ಎಂದು ಕೇಳಿದ್ದು ತಪ್ಪಲ್ಲ, ಕೇಳಲೇಬೇಕಾದ ಪ್ರಶ್ನೆ. ಆದರೆ ಕಾಯಿಲೆಯನ್ನೇ ಅವರು ತಂದರೆಂಬುದಕ್ಕೆ ಆಧಾರವಿಲ್ಲ. ಸೌದಿ ಅರೇಬಿಯಾದಲ್ಲಿ 1990ರ ದಶಕದ ನಡುವಿನಲ್ಲಿ ಕಸಾಯಿ ಕೆಲಸದವರಲ್ಲಿ ಅಲ್‌ಖುರ್ಮಾ ಎಂಬ ಜ್ವರ ಕಂಡುಬಂತು. ಅದರ ವೈರಸ್ ಕ್ಯಾಸನೂರಿನ ವೈರಸ್‌ಗೆ ಒಡಹುಟ್ಟಿದಷ್ಟು ಹತ್ತಿರ. ಅಂದರೆ ಈ ಮನೆತನ ಭೂಮಿಯ ಮೇಲೆ ಹಳೆಯದು, ಹರಡಿಕೊಂಡದ್ದು.

ಹಾಗಾದರೆ 1957ಕ್ಕೇ ಏಕೆ ಎದ್ದಿತು? ಈ ಪ್ರಶ್ನೆಗೆ ನನಗೆ ಎಲ್ಲಕ್ಕಿಂತ ಸರಿಯೆನ್ನಿಸುವ ಉತ್ತರ ಕೊಟ್ಟವರು ಹೋರ್ಹೆ ಬೋಶೆಲ್ ಎಂಬ ಕೊಲಂಬಿಯಾ ದೇಶದ ವೈದ್ಯರು. ಅವರ ಹಿಂದಿನ ಅನುಭವವೇ ಸ್ವಾರಸ್ಯಕರವಾದದ್ದು. ಕೊಲಂಬಿಯಾದ ಕಾಡುಗಳಲ್ಲಿ ಹಳದಿ ಜ್ವರದ ಮೂಲ ಹುಡುಕುತ್ತ ತಿರುಗುತ್ತಿದ್ದಾಗ, ಮರ ಕಡಿಯುವವರು ಒಂದು ದೊಡ್ಡ ಮರವನ್ನು ಉರುಳಿಸಿದೊಡನೆ ಅದರ ನೆತ್ತಿಯಲ್ಲಿದ್ದ ನೀಲಿ ಬಣ್ಣದ ಸೊಳ್ಳೆಗಳು ಕೆಳಗಿನ ಜನರನ್ನು ಮುತ್ತಿದ್ದನ್ನು ಅವರು ಕಂಡರು. ಮರದ ತುದಿಯಲ್ಲಿ ಮಂಗಗಳ ನಡುವೆ ಇದ್ದ ರೋಗ ಮನುಷ್ಯನಿಗೆ ಇಳಿಯುವುದು ಹೇಗೆಂದು ಅಲ್ಲಿ ಹೊಳೆಯಿತು. ಅದೇ ಕಣ್ಣಿನಿಂದ ಅವರು 1960ರ ದಶಕದಲ್ಲಿ ಮಲೆನಾಡನ್ನು ನೋಡಿದರು. 1969ರಲ್ಲಿ ಪ್ರಕಟವಾದ ಅವರ ಲೇಖನದ ಸಾರ ಹೀಗಿದೆ: ವೈರಸ್ ಈ ಕಾಡಿನಲ್ಲಿ ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಮೊದಲಿನಿಂದಲೇ ಇದ್ದಿರಬೇಕು. ಜನಸಂಖ್ಯೆ ಬೆಳೆಯಿತು, ಕಾಡು ಕಡಿದು ಗದ್ದೆ ತೋಟಗಳಾದವು, ದನಗಳು ಹೆಚ್ಚಿದವು, ಅವು ಮೇಯಲು ಕಾಡಿಗೇ ಹೋದವು. ಬಲಿತ ಉಣುಗಿಗೆ ದನ ಎಂದರೆ ಹಬ್ಬದೂಟ. ದನದ ಮೈಯಲ್ಲಿ ವೈರಸ್ ಹೆಚ್ಚುವುದಿಲ್ಲ, ಆದರೆ ಉಣುಗು ಹೆಚ್ಚುತ್ತದೆ. ಸೊಪ್ಪು ಕಡಿದು ಕುರುಚಲಾದ ಕಾಡಂಚಿನಲ್ಲಿ ದನ, ಮಂಗ, ಇಲಿ, ಮನುಷ್ಯ ಎಲ್ಲರ ಓಡಾಟವೂ ಒಂದೇ ಹಾದಿಯಲ್ಲಾಯಿತು. ಮೊದಲು ಕೆಲವೇ ಇದ್ದ ಉಣುಗುಗಳು ಲೆಕ್ಕವಿಲ್ಲದಷ್ಟಾದಾಗ ಒಳಗೇ ಇದ್ದ ಕಿಡಿ ಹತ್ತಿಕೊಂಡಿತು.

ಮುಂದೆ ನಡೆದದ್ದು ಈ ವಿಚಾರಕ್ಕೆ ಪುಷ್ಟಿ ಕೊಟ್ಟಿತು. ಬಹಳ ವರ್ಷ ಸಾಗರ, ಸೊರಬ, ಶಿಕಾರಿಪುರಗಳಲ್ಲೇ ಇದ್ದ ಕಾಯಿಲೆ 1970ರ ದಶಕದಲ್ಲಿ ಉತ್ತರ ಕನ್ನಡ, ಚಿಕ್ಕಮಗಳೂರುಗಳತ್ತ ಸರಿಯಿತು. 1982ರ ಕೊನೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆಗಳ ಕಡೆ ದೊಡ್ಡ ಕಾಡನ್ನು ಕಡಿದು ಗೇರು ನೆಡುವ ಕೆಲಸ ನಡೆದಾಗ ಅಲ್ಲಿ ಎದ್ದ ಜ್ವರ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಅದುವರೆಗೆ ಕಂಡ ಎಲ್ಲಕ್ಕಿಂತ ದೊಡ್ಡ ಹಾವಳಿ ಅದು. ಮೊದಲು ಬಿದ್ದವರಲ್ಲಿ ಕಾಡು ಕಡಿಯಲು ಕೂಲಿಗೆ ಬಂದವರಿದ್ದರು.

ಲಸಿಕೆಯ ವಿಚಾರಕ್ಕೆ ಬರೋಣ. ದಾಯಾದಿ ಕಾಯಿಲೆಯ ಲಸಿಕೆ ಇಲ್ಲಿಗೂ ನಾಟಬಹುದೆಂದು ನಂಬಿ, 1950ರ ದಶಕದ ಕೊನೆಗೆ ರಷ್ಯಾದ ಮಿದುಳು ಜ್ವರದ ವಿರುದ್ಧ ಅಮೆರಿಕದಲ್ಲಿ ತಯಾರಾದ ಲಸಿಕೆಯನ್ನು ಶಿವಮೊಗ್ಗದ ಜನರಿಗೆ ಹಾಕಿದರು. ಪ್ರಯೋಜನವಾಗಲಿಲ್ಲ. ಆಮೇಲೆ ಪುಣೆಯವರು ಕ್ಯಾಸನೂರಿನ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1960ರ ದಶಕದಲ್ಲೇ ಕೈಗೆ ಬಂದ ಈ ಲಸಿಕೆ ದೊಡ್ಡ ಪ್ರಮಾಣದಲ್ಲಿ ಜನರಿಗೆ ದೊರೆತದ್ದು 1990ರಿಂದ. ಕಾಡಂಚಿನ ಬಡವರ ಕಾಯಿಲೆಗೆ ಇಷ್ಟು ನಿಧಾನ ಸಹಜವೇ ಎಂದು ಕೇಳಿದರೆ ನಾನು ಏನು ಹೇಳಲಿ! 1990ರಿಂದ 1992ರವರೆಗಿನ ಪರೀಕ್ಷೆಯಲ್ಲಿ ಒಂದು ಸಲ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 79, ಎರಡು ಸಲ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 93ರಷ್ಟು ರಕ್ಷಣೆ ಕಂಡಿತು. ಎರಡು ದಶಕದ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಚುಚ್ಚುಮದ್ದಿನ ರಕ್ಷಣೆ ನೂರಕ್ಕೆ 62ಕ್ಕೆ ಇಳಿದಿತ್ತು, ಮೂರನೆಯದನ್ನೂ ಹಾಕಿಸಿಕೊಂಡವರಲ್ಲಿ ನೂರಕ್ಕೆ 83ರ ಹತ್ತಿರ. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಒಂದು ಹಾಕಿಸಿಕೊಂಡು ಇನ್ನೊಂದಕ್ಕೆ ಬಾರದವರೇ ಅನೇಕ. ಶಕ್ತಿ ಕುಂದಿದೆ ಎಂಬ ಕಾರಣಕ್ಕೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು.

ಈ ಶೋಧಕ್ಕೆ ತೆತ್ತ ಬೆಲೆಯನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಪ್ರಯೋಗಾಲಯದಲ್ಲಿ ವೈರಸ್ ಮುಟ್ಟಿದವರು, ಕಾಡಿನಲ್ಲಿ ಉಣುಗು ಹೆಕ್ಕಿದವರು ಅನೇಕರು ತಾವೇ ಕಾಯಿಲೆ ಬಿದ್ದರು. ಕೆಲಸವನ್ನು ಕಡಿಮೆ ಮಾಡಬೇಕಾಗಿ ಬಂದುದಕ್ಕೆ ಅದೂ ಒಂದು ಕಾರಣ. ಇಂಥ ವೈರಸ್‌ಗಳನ್ನು ಹೊರಗಿನ ಗಾಳಿಗೂ ಸೋಕದಂತೆ ಇಟ್ಟು ನೋಡುವ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯ ಪುಣೆಗೆ ಬಂದದ್ದು 2012ರಲ್ಲಿ. ವೈದ್ಯರ, ವಿಜ್ಞಾನಿಗಳ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಸತ್ತ ಮಂಗವನ್ನು ಕೋಲಿಗೆ ಕಟ್ಟಿ ಹೊತ್ತು ತಂದ ಹಳ್ಳಿಯವರ, ದಿನಗೂಲಿಯ ಮೇಲೆ ಬಟ್ಟೆ ಎಳೆದವರ ಹೆಸರು ಅಲ್ಲಿಲ್ಲ.

ಅದೇ 2012ರ ನವೆಂಬರಿನಲ್ಲಿ ಬಂಡೀಪುರದ ಹುಲಿ ಸಂರಕ್ಷಿತ ಕಾಡಿನಲ್ಲಿ ಮಂಗಗಳು ಬೀಳತೊಡಗಿದವು. ಶಿವಮೊಗ್ಗದಿಂದ ಅಷ್ಟು ದೂರದಲ್ಲಿ ಇದು ಮಂಗನ ಕಾಯಿಲೆ ಎಂದು ಯಾರೂ ಎಣಿಸಿರಲಿಲ್ಲ. ಹೆಣಗಳನ್ನು ಕೊಯ್ದು ನೋಡುವ, ಸುಡುವ ಕೆಲಸದಲ್ಲಿದ್ದವರಿಗೇ ಮೊದಲು ಜ್ವರ ಬಂತು. ಪುಣೆಯ ಪರೀಕ್ಷೆಯಲ್ಲಿ ಬಂಡೀಪುರದ ಮಂಗಗಳಲ್ಲಷ್ಟೇ ಅಲ್ಲ, ನೀಲಗಿರಿಯ ಮುದುಮಲೆ ಕಡೆಯ, ವಯನಾಡಿನ ನೂಲ್‌ಪುಳದ ಮಂಗಗಳಲ್ಲೂ ವೈರಸ್ ಸಿಕ್ಕಿತು. ಕಾಡಿಗೆ ಗಡಿಕಲ್ಲು ಎಲ್ಲಿದೆ? ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಗೂಡಲೂರಿಗೂ ಹೋಗುವ ರಸ್ತೆಗಳಲ್ಲಿ ತಪಾಸಣೆಯ ಗೇಟುಗಳಿವೆ. ಮುಸಿಯಕ್ಕೆ ಅವು ಕಾಣುವುದಿಲ್ಲ.

2013ರಲ್ಲಿ ವಯನಾಡಿನಲ್ಲಿ ಮೊದಲ ಮನುಷ್ಯ ಪ್ರಕರಣ ಕಂಡಿತು. 2014ರಲ್ಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರು ಕಾಡಿನಲ್ಲಿ. 2015ರ ಬೇಸಿಗೆಯಲ್ಲಿ ವಯನಾಡಿನಲ್ಲಿ ನೂರಕ್ಕೂ ಹೆಚ್ಚು ಜನ ಬಿದ್ದರು, ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಕಾಟ್ಟುನಾಯ್ಕರು, ಜೇನು, ಸೌದೆ, ಕಾಡಿನ ಹುಟ್ಟುವಳಿಗಳನ್ನು ನಂಬಿ ಬದುಕುವವರು. ಅವರ ಮನೆಮಾತು ಕನ್ನಡಕ್ಕೆ ಬಹಳ ಹತ್ತಿರದ್ದೆಂಬುದು ನಮ್ಮ ಕೇಳುಗರಿಗೆ ಹೊಸತಲ್ಲ. ಗಡಿಯ ಆಚೆ ಅವರ ಬಳಗವನ್ನೇ ಜೇನುಕುರುಬರೆನ್ನುತ್ತೇವೆ. ಮಂಗ ಸತ್ತ ಜಾಗಕ್ಕೆ ಹೋಗಬಾರದು ಎಂಬುದನ್ನು ಸಾಗರದ ಮನೆಗಳಲ್ಲಿ ಎರಡು ತಲೆಮಾರಿನಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಆ ಮಾತು ಅರ್ಥವಾಗುವ ಭಾಷೆಯವರೇ ಇಲ್ಲಿದ್ದರೂ ಅದು ಇಲ್ಲಿಗೆ ಬಂದಿರಲಿಲ್ಲ. ಬರಬೇಕಾದ ದಾರಿಯೇ ಇರಲಿಲ್ಲವೆನ್ನಬೇಕು. ಆರೋಗ್ಯದ ಕರಪತ್ರಗಳು ಆಯಾ ರಾಜ್ಯದ ಭಾಷೆಯಲ್ಲಿ ಆಯಾ ರಾಜ್ಯದ ಕಾಯಿಲೆಗಳ ಬಗ್ಗೆ ಅಚ್ಚಾಗುತ್ತವೆ. ಉಣುಗಿನ ರಾಜ್ಯ ಬೇರೆ.

ಅದೇ 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಪಾಳಿ ಗ್ರಾಮದಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಜ್ವರ ಎದ್ದಿತು. ಎರಡೂ ಕಡೆ ಗೇರುಬೀಜ ಆಯುವ ಕಾಲ. ಬೇಸಿಗೆಯಲ್ಲಿ ಆ ತೋಟಗಳಿಗೆ ಕೂಲಿಗೆ ಹೋಗುವವರಲ್ಲಿ ಬೆಳಗಾವಿ ಜಿಲ್ಲೆಯವರೂ ಇರುತ್ತಾರೆ. ಗೋವೆಯಲ್ಲಿ ಗೇರುಬೀಜ ಆಯ್ದು ಮನೆಗೆ ಮರಳಿದ ಅಂಥ ಕೂಲಿಗಳು ಬೆಳಗಾವಿ ಕಡೆ ಜ್ವರದಿಂದ ಮಲಗಿದಾಗ, ಪರೀಕ್ಷೆಯಲ್ಲಿ ಕಂಡದ್ದು ಇದೇ ವೈರಸ್. ಗೇರುಮರದ ಕೆಳಗೆ ಬಗ್ಗಿ ತರಗೆಲೆ ಕೆದಕಿ ಬೀಜ ಹೆಕ್ಕುವ ಕೆಲಸ. ಎಳೆಯ ಉಣುಗು ಕಾಯುತ್ತ ಕೂರುವುದೂ ಆ ತರಗೆಲೆಯಲ್ಲೇ.

ಇನ್ನು ಹಳೆಯ ನೆಲೆಯಲ್ಲಿ ಕಾಯಿಲೆ ತೀರಿತೆಂದೇನಲ್ಲ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಎದ್ದ ಹಾವಳಿಯಲ್ಲಿ ಹಲವರು ಸತ್ತರು. ಮೊದಲ ಕಂಡುಹಿಡಿತದ ನೆರೆಯಲ್ಲೇ, ಅರವತ್ತು ವರ್ಷದ ಮೇಲೆ.

ಕಾಡಂಚಿನ ಕೇಳುಗರಿಗಾಗಿ ಕೆಲಸದ ಮಾತು ಇಷ್ಟು. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ, ಡಿ.ಎಂ.ಪಿ. ಅಥವಾ ಡೆಪಾ ತೈಲ ಸಿಕ್ಕರೆ ಕೈಕಾಲಿಗೆ ಸವರಿ. ಮರಳಿ ಬಂದೊಡನೆ ಬಿಸಿನೀರಿನಲ್ಲಿ ಮೈ ಉಜ್ಜಿ ತೊಳೆದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಅವರು ಅದರ ಸುತ್ತ ಐವತ್ತು ಮೀಟರಿನಷ್ಟು ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂಬುದನ್ನು ಡಾಕ್ಟರರಿಗೆ ಹೇಳಲು ಮರೆಯಬೇಡಿ. ಬೇರೆ ರಾಜ್ಯದಲ್ಲಿ ಕೂಲಿ ಮಾಡಿ ಬಂದಿದ್ದರೆ ಎಲ್ಲಿ ಎಂಬುದನ್ನೂ ಹೇಳಿ. ಬೇಗ ಗೊತ್ತಾದರೆ ಬದುಕಿಸಿಕೊಳ್ಳುವುದು ಸುಲಭ.

ಹಳೆಯ ಲಸಿಕೆ ನಿಂತ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಒಂದು ಲಸಿಕೆ ತಯಾರಕರೊಡನೆ ಸೇರಿ ಹೊಸದೊಂದನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿದೆ. ಅದು ಬಂದ ದಿನ ಸಾಗರ, ತೀರ್ಥಹಳ್ಳಿಗಳ ಜೊತೆಗೆ ನೂಲ್‌ಪುಳ, ಮುದುಮಲೆ, ಸತ್ತರಿ, ದೋಡಾಮಾರ್ಗಗಳ ಆರೋಗ್ಯ ಕೇಂದ್ರಗಳಿಗೂ ಅದರ ಪೆಟ್ಟಿಗೆ ಹೋಗಬೇಕಾಗುತ್ತದೆ.